ಕಾಳ್ಗಿಚ್ಚಿಗೊಂದು ಕಚೇರಿ: ಕೊಡಗಿಗೆ ಬೇಕೇ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಕಡೆಯ ಬೆಟ್ಟದಂಚಿನ ಊರು. ನಾನು ಗ್ರಾಮ ಪಂಚಾಯಿತಿ ಸದಸ್ಯ. ಫೆಬ್ರವರಿ ಬಂತೆಂದರೆ ಊರ ಹಿಂದಿನ ಗುಡ್ಡಕ್ಕೆ ಬೆಂಕಿ ಬೀಳುತ್ತದೆ. ಒಂದು ಕಡೆ ಫೋನ್ ಮಾಡಿದರೆ ಇನ್ನೊಂದು ಕಡೆಯ ನಂಬರ್ ಕೊಡುತ್ತಾರೆ. ಕಾಳ್ಗಿಚ್ಚು ತಡೆಗೆಂದೇ ಬೇರೆ ದೇಶಗಳಲ್ಲಿ ಎಲ್ಲ ಇಲಾಖೆಗಳನ್ನು ಒಟ್ಟುಗೂಡಿಸುವ ಸರ್ಕಾರಿ ಕಚೇರಿ ಮಾಡಿದ್ದಾರೆಂದು ಓದಿದೆ. ಕೊಡಗಿಗೂ ಅಂಥದ್ದು ಬೇಕೆಂದು ಪಂಚಾಯಿತಿಯಿಂದ ನಿರ್ಣಯ ಕಳಿಸೋಣ ಎಂದಿದ್ದೇವೆ. ಇದರಿಂದ ಉಪಯೋಗವಿದೆಯೇ, ಅಥವಾ ಇನ್ನೊಂದು ಬೋರ್ಡು, ಇನ್ನೊಂದು ಜೀಪು ಅಷ್ಟೇ ಆಗುತ್ತದೆಯೇ? ಮತ್ತೊಂದು ಸಣ್ಣ ಪ್ರಶ್ನೆ: ನಮ್ಮ ಬಾಣೆಯ (ಗದ್ದೆಗೆ ಸೇರಿದ ಗುಡ್ಡದ ಜಮೀನಿನ) ಅಂಚಿನ ಒಣಹುಲ್ಲನ್ನು ನಾವೇ ಮೊದಲೇ ಸುಟ್ಟುಬಿಡಬಹುದೇ?

ಉತ್ತರ: ಬೇಕು. ಆದರೆ ಬೆಂಕಿ ಆರಿಸುವುದಕ್ಕಲ್ಲ. ಆರಿಸುವವರು ಈಗಾಗಲೇ ಇದ್ದಾರೆ. ಗಾರ್ಡು, ವಾಚರು, ಅಗ್ನಿಶಾಮಕದವರು, ಕೊನೆಗೆ ನಿಮ್ಮೂರಿನ ಹುಡುಗರು. ಇಲ್ಲದಿರುವುದು, ಬೆಂಕಿ ಇಲ್ಲದ ತಿಂಗಳುಗಳಲ್ಲಿ ಬೆಂಕಿಯ ಬಗ್ಗೆಯೇ ತಲೆ ಕೆಡಿಸಿಕೊಳ್ಳುವ, ಅದಕ್ಕೇ ಸಂಬಳ ಪಡೆಯುವ ಒಬ್ಬ ಮನುಷ್ಯ. ಕಚೇರಿ ಅಂತ ನೀವು ಕೇಳುವುದಾದರೆ ಆ ಮನುಷ್ಯನನ್ನು ಕೇಳಿ. ಕಟ್ಟಡ ಆಮೇಲೆ ನೋಡಿಕೊಳ್ಳಬಹುದು.

ಯಾಕೆ ಹೀಗೆ ಹೇಳುತ್ತೇನೆಂದರೆ, ನಾನೇ ನಿಂತು ನೋಡಿದ ಒಂದು ಬೆಂಕಿ ಇದೆ. ಕೆಲವು ವರ್ಷಗಳ ಹಿಂದಿನ ಮಾರ್ಚ್. ಕಾಫಿ ಹೂ ಅರಳಿಸುವ ಹೂ ಮಳೆ ಇನ್ನೂ ಬಂದಿರಲಿಲ್ಲ. ಮಧ್ಯಾಹ್ನ ಎರಡೂವರೆಗೆ ಪರಿಚಯದವರೊಬ್ಬರ ಕಾಫಿ ಕಣದಲ್ಲಿ ನಿಂತಿದ್ದಾಗ ಎದುರು ಗುಡ್ಡದ ಬುಡದಲ್ಲಿ ಬಿಳಿ ಹೊಗೆ ಎದ್ದಿತು. ಮೊದಲ ಫೋನು ಹೋದ ಕಚೇರಿಯವರು ಆ ಸರ್ವೆ ನಂಬರ್ ತಮ್ಮದಲ್ಲ ಎಂದರು. ಎರಡನೆಯವರು ತಮ್ಮ ಬಳಿ ಆಳಿಲ್ಲ ಎಂದರು. ಮೂರನೆಯವರು ವಾಹನ ಕಳಿಸಿದರು, ಆದರೆ ಆ ವಾಹನ ತೋಟದ ಗೇಟಿನವರೆಗೆ ಮಾತ್ರ ಬರುತ್ತಿತ್ತು. ನಾವು ಏಳು ಜನ ಹಸಿ ಸೊಪ್ಪಿನ ಕೊಂಬೆ ಕಡಿದುಕೊಂಡು ಹತ್ತುವಷ್ಟರಲ್ಲಿ ಬೆಂಕಿ ನಮಗಿಂತ ಮುಂಚೆ ಏರು ಹತ್ತಿಯಾಗಿತ್ತು. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದರೆ ಮೇಲ್ಮುಖವಾಗಿ ಬೆಂಕಿಯ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂದು ಓದಿದ್ದೆ. ಅಂದು ಕಣ್ಣಾರೆ ಕಂಡೆ. ಐದು ಗಂಟೆಗೆ ಬೋರೆಯ ಹುಲ್ಲೆಲ್ಲ ಕಪ್ಪಾಗಿತ್ತು.

ಹೇಳಬೇಕಾದ್ದು ಅದಲ್ಲ. ನಾವು ಕೊಂಬೆಯಲ್ಲಿ ಬಡಿಯುತ್ತಿದ್ದ ಜಾಗಕ್ಕೆ ನಾನೂರು ಮೀಟರ್ ದೂರದ ತೋಟದಲ್ಲಿ ಡೀಸೆಲ್ ಪಂಪು ಓಡುತ್ತಿತ್ತು. ಹೂ ಮಳೆ ಕೈಕೊಟ್ಟಿದ್ದರಿಂದ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಿದ್ದರು. ಕೆರೆಯಲ್ಲಿ ನೀರು, ಪೈಪು, ಜೆಟ್ಟು, ಪೈಪು ಎತ್ತಿಡಲು ಆರು ಆಳು, ಎಲ್ಲ ಅಲ್ಲೇ ಇತ್ತು. ಮರುದಿನ ತೋಟದವರು ನೊಂದುಕೊಂಡರು: “ಕೇಳಿದ್ದರೆ ಪೈಪು ಆ ಕಡೆ ತಿರುಗಿಸುತ್ತಿದ್ದೆವಲ್ಲ.” ಕೇಳಬೇಕಾದವರು ಯಾರು ಎಂಬುದು ಯಾರಿಗೂ ಗೊತ್ತಿರಲಿಲ್ಲ, ನನಗೂ ಹೊಳೆಯಲಿಲ್ಲ. ಕೊಡಗಿನಲ್ಲಿ ಕಾಡಿಗೆ ಬೆಂಕಿ ಬೀಳುವ ವಾರಗಳೂ ತೋಟಗಳಲ್ಲಿ ಪಂಪು ಸಜ್ಜಾಗಿ ನಿಂತಿರುವ ವಾರಗಳೂ ಒಂದೇ. ಈ ಒಂದು ವಿಷಯವನ್ನು ಬರೆದಿಟ್ಟುಕೊಂಡ ಪಟ್ಟಿ ಯಾವ ಮೇಜಿನ ಮೇಲಿದೆ ಹೇಳಿ? ಅರಣ್ಯದವರು ಅರಣ್ಯದ ಲೆಕ್ಕ ಇಡುತ್ತಾರೆ, ತೋಟ ಅವರ ಲೆಕ್ಕಕ್ಕೆ ಸೇರುವುದಿಲ್ಲ. ಸಮನ್ವಯ ಅಂದರೆ ನನಗೆ ಈ ಪಟ್ಟಿ.

ಈಗ ನಿಮ್ಮ ಫೋನ್ ನಂಬರ್ ಕಥೆಗೆ ಬರೋಣ. ಇದರಲ್ಲಿ ಯಾರ ಸೋಮಾರಿತನವೂ ಅಷ್ಟಾಗಿ ಇಲ್ಲ, ನಕ್ಷೆಯೇ ಹಾಗಿದೆ. ನಮ್ಮದು 4,102 ಚದರ ಕಿ.ಮೀ.ನ ಸಣ್ಣ ಜಿಲ್ಲೆ. ಅದರೊಳಗೆ ಮಡಿಕೇರಿ ಮತ್ತು ವಿರಾಜಪೇಟೆ ಅರಣ್ಯ ವಿಭಾಗಗಳಿವೆ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಅಭಯಾರಣ್ಯಗಳಿಗೆ ಮಡಿಕೇರಿ ವನ್ಯಜೀವಿ ವಿಭಾಗ ಬೇರೆ. ನಾಗರಹೊಳೆಯ ನಮ್ಮ ಭಾಗದ ಆಡಳಿತ ಹುಣಸೂರಿನಿಂದ ನಡೆಯುತ್ತದೆ. ಇದರ ನಡುವೆ ಪೈಸಾರಿ ಎಂಬ ಸರ್ಕಾರಿ ಪಾಳು ಜಮೀನು, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ, ಸಾಗುವಳಿಗೆ ಯೋಗ್ಯವಲ್ಲವೆಂದು ಗುರುತಿಸಿದ ಸಿ ಮತ್ತು ಡಿ ಜಮೀನು, 1,200ಕ್ಕೂ ಹೆಚ್ಚು ದೇವರಕಾಡುಗಳು. ಬ್ರಹ್ಮಗಿರಿಯ ಆಚೆ ಬದಿ ಕೇರಳ, ಪುಷ್ಪಗಿರಿಯ ಆಚೆ ದಕ್ಷಿಣ ಕನ್ನಡ, ಬಿಸಿಲೆ ಕಡೆ ಹಾಸನ. ಅಗ್ನಿಶಾಮಕ ಸೇವೆ ಗೃಹ ಇಲಾಖೆಯದು, ಕರೆಂಟ್ ಲೈನ್ ಚೆಸ್ಕಾಂನದು, ರಸ್ತೆಬದಿಯ ಒಣಹುಲ್ಲು ಲೋಕೋಪಯೋಗಿಯವರದು. ಬೆಂಕಿ ಇವರಲ್ಲಿ ಯಾರ ಸರ್ವೆ ನಂಬರನ್ನೂ ಓದಿಕೊಂಡು ಬರುವುದಿಲ್ಲ. ಕುಟ್ಟದ ಹತ್ತಿರ ಹತ್ತಿಕೊಂಡಿದ್ದು ಗಾಳಿ ಇದ್ದರೆ ತೋಲ್ಪೆಟ್ಟಿಗೆ ಹೋಗುತ್ತದೆ, ಅಲ್ಲಿಯದು ಇಲ್ಲಿಗೆ ಬರುತ್ತದೆ.

ಉಪಗ್ರಹ ಇದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಇದೆ, ಒಳ್ಳೆಯದೇ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 2004ರಿಂದ ಉಪಗ್ರಹ ನೋಡಿ ಬೆಂಕಿಯ ಸುಳಿವು ಕೊಡುತ್ತಿದೆ. ಈಗ ಬಳಸುವ ವಿಐಐಆರ್‌ಎಸ್ ಎಂಬ ಉಪಕರಣದ ಒಂದು ಚುಕ್ಕೆ ಅಂದರೆ ನೆಲದ ಮೇಲೆ 375 ಮೀಟರ್ ಚೌಕ, ಸುಮಾರು 35 ಎಕರೆ. ಆ ಚೌಕದೊಳಗೆ ಎಲ್ಲೋ ಶಾಖ ಇದೆ ಎಂಬುದಷ್ಟೇ ಅದರ ಮಾತು. ಇನ್ನೊಂದು ತೊಂದರೆ ಸಮಯದ್ದು. ಆ ಉಪಗ್ರಹ ನಮ್ಮ ತಲೆಯ ಮೇಲೆ ಹಗಲು ಸುಮಾರು ಒಂದೂವರೆಗೆ ಮತ್ತು ರಾತ್ರಿ ಸುಮಾರು ಒಂದೂವರೆಗೆ ಹಾದುಹೋಗುತ್ತದೆ. ನಮ್ಮ ಕಡೆ ಬೆಂಕಿ ಜೋರಾಗುವುದು ಬಿಸಿಲು ಇಳಿಯುವ ಮುಂಚೆ, ಎರಡರಿಂದ ಐದರೊಳಗೆ. ಎರಡು ಗಂಟೆಗೆ ಹತ್ತಿದ ಹುಲ್ಲುಬೆಟ್ಟ ಮಧ್ಯರಾತ್ರಿಯ ಉಪಗ್ರಹಕ್ಕೆ ಕಾಣುವ ಹೊತ್ತಿಗೆ ಆರಿ ತಣ್ಣಗಾಗಿರಬಹುದು. ಮರದ ನೆರಳಡಿ ತರಗೆಲೆಯಲ್ಲಿ ಹರಿಯುವ ಸಣ್ಣ ಬೆಂಕಿ ಕಾಣದೆಯೂ ಇರಬಹುದು. ಹಾಗಾಗಿ ಮೊದಲ ಕಣ್ಣು ಯಾವಾಗಲೂ ನಿಮ್ಮೂರಿನವರದೇ. ಅಂದ ಹಾಗೆ ಆ ಸಂಸ್ಥೆ ಕಳಿಸುವ ಎಸ್‌ಎಂಎಸ್ ಎಚ್ಚರಿಕೆ ಇಲಾಖೆಯವರಿಗೆ ಮಾತ್ರವಲ್ಲ, ಅದರ ಜಾಲತಾಣದಲ್ಲಿ ಹೆಸರು ನೋಂದಾಯಿಸಿದ ಯಾರಿಗಾದರೂ ಬರುತ್ತದೆ. ನಿಮ್ಮ ಪಂಚಾಯಿತಿಯ ಪಿಡಿಒ ಇವತ್ತೇ ಮಾಡಬಹುದು. ದುಡ್ಡು ಬೇಡ.

ಬೇರೆ ದೇಶದ ಕಚೇರಿ ಅಂತ ಬರೆದಿದ್ದೀರಿ. ನನಗೆ ಹೆಚ್ಚು ಪಾಠ ಕಾಣುವುದು ಪೋರ್ಚುಗಲ್‌ನಲ್ಲಿ. 2017ರ ಜೂನ್‌ನಲ್ಲಿ ಪೆದ್ರೋಗಾವ್ ಗ್ರಾಂದೆ ಎಂಬಲ್ಲಿ, ಅದೇ ವರ್ಷದ ಅಕ್ಟೋಬರ್‌ನಲ್ಲಿ ದೇಶದ ಮಧ್ಯ ಮತ್ತು ಉತ್ತರ ಭಾಗದಲ್ಲಿ ಎದ್ದ ಕಾಳ್ಗಿಚ್ಚಿಗೆ ಒಟ್ಟು ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ, 2018ರಲ್ಲಿ, ಪ್ರಧಾನಿಯ ಕೈಕೆಳಗೇ ಒಂದು ಸಮನ್ವಯ ಸಂಸ್ಥೆ ಮಾಡಿದರು. ಬೆಂಕಿ ಆರಿಸುವುದು ಅದರ ಕೆಲಸವಲ್ಲ. ಅರಣ್ಯ, ಪೊಲೀಸ್, ಅಗ್ನಿಶಾಮಕ, ಪುರಸಭೆ ಇವರೆಲ್ಲ ಸೇರಿ ಒಂದೇ ಯೋಜನೆ ಮಾಡುವಂತೆ ನೋಡಿಕೊಳ್ಳುವುದು, ಯಾರು ಮಾಡಿದರು ಯಾರು ಮಾಡಲಿಲ್ಲ ಎಂದು ಪ್ರತಿ ವರ್ಷ ಬರೆದು ಪ್ರಕಟಿಸುವುದು ಅದರ ಕೆಲಸ. 2017ರಲ್ಲಿ ಬೆಂಕಿಯ ಲೆಕ್ಕದಲ್ಲಿ ಖರ್ಚಾದ ಹಣದಲ್ಲಿ ಸುಮಾರು ಶೇ 80 ಆರಿಸುವುದಕ್ಕೆ, ಶೇ 20 ತಡೆಯುವುದಕ್ಕೆ ಹೋಗುತ್ತಿತ್ತು. ಕೆಲವೇ ವರ್ಷಗಳಲ್ಲಿ ತಡೆಯುವ ಪಾಲು ಹೆಚ್ಚುಕಡಿಮೆ ಅರ್ಧಕ್ಕೆ ಬಂತು. ಹಾಗೆಂದು ಅಲ್ಲಿ ಬೆಂಕಿ ನಿಂತಿಲ್ಲ, 2024ರ ಸೆಪ್ಟೆಂಬರ್‌ನಲ್ಲಿ ಮತ್ತೆ ದೊಡ್ಡದಾಗಿ ಹೊತ್ತಿತು. ಕಚೇರಿ ಮಾಡಿದರೆ ಬೆಂಕಿ ಬೀಳುವುದಿಲ್ಲ ಎಂದು ನಿಮ್ಮ ನಿರ್ಣಯದಲ್ಲಿ ಬರೆಯಬೇಡಿ. ದುಡ್ಡು ಯಾವ ತಿಂಗಳಿಗೆ ಹೋಗುತ್ತದೆ ಎಂಬುದನ್ನು ಕಚೇರಿ ಬದಲಿಸಬಲ್ಲದು, ಅಷ್ಟೇ. ಅದು ಸಣ್ಣ ಮಾತೇನಲ್ಲ.

ನಮ್ಮಲ್ಲಿ ದುಡ್ಡಿನ ತಿಂಗಳು ನೋಡಿ. ಸರ್ಕಾರದ ಹಣಕಾಸು ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಕೊಡಗಿನ ಬೆಂಕಿಯ ಕಾಲ ಜನವರಿ ಕೊನೆಯಿಂದ ಮುಂಗಾರು ಪೂರ್ವದ ಮಳೆ ನೆಲ ನೆನೆಸುವವರೆಗೆ. ಅಂದರೆ ಬೆಂಕಿಯ ಕಾಲದ ನಟ್ಟನಡುವೆ ಒಂದು ಖಜಾನೆಯ ಬಾಗಿಲು ಮುಚ್ಚಿ ಇನ್ನೊಂದು ತೆರೆಯಬೇಕು. ಫೆಬ್ರವರಿ ಮಾರ್ಚ್‌ನಲ್ಲಿ ಹಳೆ ವರ್ಷದ ಹಣ ತಳ ಹತ್ತಿರುತ್ತದೆ, ಏಪ್ರಿಲ್‌ನಲ್ಲಿ ಹೊಸದು ಇಳಿದಿರುವುದಿಲ್ಲ. ಬೆಂಕಿ ರೇಖೆ ಕಡಿಯುವ ಕೆಲಸವಾದರೋ ಹುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಕಳೆದ ಕೂಡಲೇ ಶುರುವಾಗಬೇಕು: ಹುಲ್ಲು, ಲಂಟಾನ ಕಡಿದು ಒಣಗಲು ಬಿಟ್ಟು, ಇಬ್ಬನಿ ಇರುವ ಬೆಳಗಿನಲ್ಲಿ ಕಾವಲಿಟ್ಟು ಸುಟ್ಟು, ಪಟ್ಟೆ ಬೋಳಾಗಿಸಬೇಕು. ಜನವರಿ ದಾಟಿದರೆ ಆ ಸುಡುವ ಕೆಲಸವೇ ಕಾಡಿಗೆ ಬೆಂಕಿ ಹಚ್ಚುವ ಕೆಲಸವಾಗುತ್ತದೆ. ಕೇಂದ್ರದ್ದೊಂದು ಅರಣ್ಯ ಬೆಂಕಿ ತಡೆ ಯೋಜನೆ ಇದೆ, ನಮ್ಮಂಥ ರಾಜ್ಯಗಳಲ್ಲಿ ಕೇಂದ್ರದ್ದು 60, ರಾಜ್ಯದ್ದು 40ರ ಪಾಲು. 15ನೇ ಹಣಕಾಸು ಆಯೋಗ ರಾಜ್ಯದ ವಿಪತ್ತು ಹಣದಲ್ಲಿ ಐದನೇ ಒಂದು ಭಾಗವನ್ನು ವಿಪತ್ತು ಬರುವ ಮೊದಲಿನ ಕೆಲಸಕ್ಕೆಂದೇ ತೆಗೆದಿಡಲು ಹೇಳಿತು. ಬಾಗಿಲು ಇಲ್ಲವೆಂದಲ್ಲ. ಆಗಸ್ಟ್‌ನಲ್ಲಿ ಅರ್ಜಿ ಹಿಡಿದು ಆ ಬಾಗಿಲು ತಟ್ಟುವವರು, ಸೆಪ್ಟೆಂಬರ್‌ನಲ್ಲಿ ಮತ್ತೆ ತಟ್ಟುವವರು ಯಾರು?

ಇಲ್ಲಿ ಕೊಡಗಿನವರಿಗೆ ಬೇರೆಯವರಿಗಿಲ್ಲದ ಒಂದು ಅನುಕೂಲವಿದೆ. ಕಹಿಯಾಗಿ ಬಂದ ಅನುಕೂಲ. 2018ರ ಆಗಸ್ಟ್‌ನ ಭೂಕುಸಿತದ ನಂತರ ನಮ್ಮ ಜಿಲ್ಲಾಡಳಿತ ಮಳೆಗೆ ಹೇಗೆ ಸಜ್ಜಾಗಬೇಕೆಂದು ಕಲಿತಿದೆ. ಮೇ ತಿಂಗಳಲ್ಲೇ ಸಭೆ, ಪ್ರತಿ ಹೋಬಳಿಗೆ ನೋಡಲ್ ಅಧಿಕಾರಿ, ಯಾವ ಮನೆಯವರನ್ನು ಎಲ್ಲಿಗೆ ಸ್ಥಳಾಂತರಿಸಬೇಕು ಎಂಬ ಪಟ್ಟಿ, ಕಾಳಜಿ ಕೇಂದ್ರ, 1077ರ ನಿಯಂತ್ರಣ ಕೊಠಡಿ, ಜೆಸಿಬಿ ಯಾರ ಬಳಿ ಇದೆ ಎಂಬ ಲೆಕ್ಕ. ನಿಮ್ಮೂರಿನ ವಿ.ಎ.ಗೆ ಇದೆಲ್ಲ ಬಾಯಿಪಾಠ. ಆ ಯಂತ್ರ ಸೆಪ್ಟೆಂಬರ್ ಕೊನೆಗೆ ಮಲಗುತ್ತದೆ. ನನ್ನ ಸಲಹೆ ಇಷ್ಟೇ: ಅದನ್ನು ಅಕ್ಟೋಬರ್‌ನಲ್ಲಿ ಮತ್ತೆ ಎಬ್ಬಿಸಿ. ಜೆಸಿಬಿ ಪಟ್ಟಿಯ ಜಾಗದಲ್ಲಿ ಪಂಪಿನ ಪಟ್ಟಿ, ಕಾಳಜಿ ಕೇಂದ್ರದ ಜಾಗದಲ್ಲಿ ನೀರು ತುಂಬುವ ಕೆರೆಗಳ ಪಟ್ಟಿ.

ಇದಕ್ಕೆ ಹೊಸ ಕಾಯ್ದೆ ಬೇಡ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರ ಇದೆ. 28ನೇ ಕಲಂ ಪ್ರಕಾರ ಅದು ತನಗೆ ಬೇಕಾದ ಸಮಿತಿ ಮಾಡಿಕೊಳ್ಳಬಹುದು. 31ನೇ ಕಲಂನಲ್ಲಿ ಜಿಲ್ಲಾ ಯೋಜನೆ ಮಾಡಬೇಕೆಂದಿದೆ, ಅದರಲ್ಲಿ ಕಾಳ್ಗಿಚ್ಚಿಗೆ ನಿಜವಾದ ಒಂದು ಅಧ್ಯಾಯ ಬರೆಯಿರಿ ಎನ್ನಿ. ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿ ‘ಬೆಂಕಿ’ ಮೊದಲಿನಿಂದ ಇದೆ. ಬೆಂಕಿಯ ಜಾಗದಲ್ಲಿ ಯಾರ ಮಾತು ನಡೆಯಬೇಕು ಎಂಬುದಕ್ಕೂ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲೇ ಒಂದು ಪದ್ಧತಿ ಕೊಟ್ಟಿದೆ. ತಮಾಷೆಯೆಂದರೆ ಆ ಪದ್ಧತಿಯ ಮೂಲವೇ ಕಾಳ್ಗಿಚ್ಚು. 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹಲವು ಇಲಾಖೆಯವರು ಒಂದೇ ಬೆಂಕಿಗೆ ಓಡಿಬಂದು ಒಬ್ಬರ ಮಾತು ಒಬ್ಬರಿಗೆ ಅರ್ಥವಾಗದೆ ಒದ್ದಾಡಿದ ಮೇಲೆ ಹುಟ್ಟಿದ್ದು ಅದು. ನಾವದನ್ನು ನೆರೆಗೆ, ಭೂಕುಸಿತಕ್ಕೆ ಬಳಸಿ, ಅದು ಹುಟ್ಟಿದ ಕೆಲಸಕ್ಕೆ ಮಾತ್ರ ಬಳಸದೆ ಬಿಟ್ಟಿದ್ದೇವೆ.

ಹಾಗಾದರೆ ನಿರ್ಣಯದಲ್ಲಿ ಏನು ಕೇಳಬೇಕು? ಜಿಲ್ಲಾಧಿಕಾರಿ ಕಚೇರಿಯಲ್ಲಿ ನಾಲ್ಕೈದು ಜನರ ಒಂದು ಕೋಶ. ಮುಖ್ಯಸ್ಥರು ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ದರ್ಜೆಯವರಾಗಿರಲಿ, ಬೇರೆ ಹೊಣೆ ಬೇಡ. ‘ಹೆಚ್ಚುವರಿ ಪ್ರಭಾರ’ ಎಂಬ ಎರಡು ಪದ ಆದೇಶದಲ್ಲಿ ಬಂದರೆ ಆ ಕೋಶ ಸತ್ತಂತೆ. ನಾಗರಹೊಳೆಯವರೂ, ಗಡಿಯಾಚೆಯ ಕೇರಳದವರೂ ಡಿಸೆಂಬರ್ ಸಭೆಗೆ ಬರಲೇಬೇಕು. ಒಂದೇ ಫೋನ್ ನಂಬರ್. ಈಗಾಗಲೇ ಇರುವ 1077 ಸಾಕು, ಅರಣ್ಯ ಸಹಾಯವಾಣಿ 1926ಕ್ಕೆ ಬಂದದ್ದೂ ಅಲ್ಲಿಗೇ ಹೋಗಲಿ, ಜಾಗ ಯಾರದೆಂದು ಕೇಳುವ ಮೊದಲು ಜನ ಹೊರಡಲಿ. ಫೈರ್ ವಾಚರುಗಳ ದಿನಗೂಲಿ ವಾರಕ್ಕೊಮ್ಮೆ ಸಿಗುವಂತೆ ಸಣ್ಣ ಮುಂಗಡ ಹಣ ಆ ಕೋಶದ ಕೈಯಲ್ಲೇ ಇರಲಿ. ಹಸಿದ ಹೊಟ್ಟೆಯಲ್ಲಿ ಗುಡ್ಡ ಹತ್ತು ಎಂದರೆ ಯಾರೂ ಹತ್ತುವುದಿಲ್ಲ. ಹತ್ತಬೇಕಾಗಿಯೂ ಇಲ್ಲ. ಮತ್ತೆ ಅವರಿಗೆ ಬೂಟು, ದಪ್ಪ ಹತ್ತಿ ಬಟ್ಟೆ, ವಿಮೆ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಯುವ ಗಾರ್ಡ್ ಒಬ್ಬರು ಬೆಂಕಿಗೇ ಬಲಿಯಾದರು. ಎರಡು ವರ್ಷದ ನಂತರ ಅದೇ ಬಂಡೀಪುರ ನಾಲ್ಕೈದು ದಿನ ಉರಿದು, ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ನೀರು ಸುರಿದವು. ಟಿ.ವಿ.ಯಲ್ಲಿ ಎಲ್ಲರೂ ನೋಡಿದ್ದು ಆ ನೀರನ್ನು. ಹೆಲಿಕಾಪ್ಟರ್ ಬರುವ ಹೊತ್ತಿಗೆ ಸಾವಿರಾರು ಎಕರೆ ಹೋಗಿತ್ತು.

ಆ ಕೋಶಕ್ಕೆ ಇನ್ನೊಂದು ಕೆಲಸ: ಮುಂದಿನ ಬೆಂಕಿ ಎಲ್ಲಿ ಕೂತಿದೆ ಎಂದು ಮೊದಲೇ ನೋಡುವುದು. 2012ರ ಬೇಸಿಗೆಯಲ್ಲಿ ನಾಗರಹೊಳೆ ಹೊತ್ತಿಕೊಂಡಾಗ ಹೂ ಬಿಟ್ಟು ಸತ್ತ ಬಿದಿರು, ಅದರ ಮೇಲೆ ಹಬ್ಬಿದ ಲಂಟಾನ ಸೌದೆ ಒಟ್ಟಿದ ಹಾಗಿತ್ತು. ಬಿದಿರು ಗುಟ್ಟಾಗಿ ಹೂ ಬಿಡುವುದಿಲ್ಲ, ಬಿಟ್ಟ ಮೇಲೆ ಒಣಗಿ ನಿಲ್ಲಲು ಸಮಯ ತೆಗೆದುಕೊಳ್ಳುತ್ತದೆ. ಅಂದರೆ ನೋಟಿಸ್ ಕೊಟ್ಟೇ ಬರುವ ಬೆಂಕಿ ಅದು. ತಿತಿಮತಿ, ಆನೆಚೌಕೂರು ಕಡೆಯ ಎಲೆ ಉದುರುವ ಕಾಡು, ತೇಗದ ನೆಡುತೋಪು ಒಂದು ಥರ ಉರಿಯುತ್ತವೆ. ತಡಿಯಂಡಮೋಳ್, ಕೋಟೆಬೆಟ್ಟ, ಬ್ರಹ್ಮಗಿರಿಯ ಹುಲ್ಲುಬೆಟ್ಟ ಇನ್ನೊಂದು ಥರ: ಗಂಟೆಯಲ್ಲಿ ಉರಿದು ಮುಗಿಯುತ್ತದೆ, ಆದರೆ ಅಂಚಿನ ಶೋಲಾಕ್ಕೆ (ಬೆಟ್ಟದ ಕಣಿವೆಯ ಹಸಿರು ಕಾಡಿಗೆ) ನುಗ್ಗಿದರೆ ಅಲ್ಲಿ ಸುಟ್ಟ ಮರ ನಮ್ಮ ಕಾಲಕ್ಕೆ ಬರುವುದಿಲ್ಲ. ಇವೆರಡಕ್ಕೂ ಒಂದೇ ಸುತ್ತೋಲೆ ಕಳಿಸುವ ಕಚೇರಿಯಾದರೆ ನೀವು ಹೇಳಿದ ಬೋರ್ಡು ಮತ್ತು ಜೀಪೇ ಗತಿ.

ಬೆಂಕಿ ಹಚ್ಚುವವರ ವಿಷಯ ಕೊಂಚ ಸೂಕ್ಷ್ಮ. ನಮ್ಮ ಕಡೆ ಸಿಡಿಲು ಮಳೆಯ ಜೊತೆಗೇ ಬರುವುದರಿಂದ ಒಣಗಾಲದ ಬೆಂಕಿ ಹೆಚ್ಚುಕಡಿಮೆ ಎಲ್ಲವೂ ಮನುಷ್ಯರದೇ. ಬೀಡಿ, ಜೇನಿನ ಹೊಗೆ, ಪ್ರವಾಸಿಗರ ಕ್ಯಾಂಪ್‌ಫೈರ್, ದನಕ್ಕೆ ಹೊಸ ಹುಲ್ಲು ಚಿಗುರಲಿ ಎಂಬ ಆಸೆ, ಆನೆ ಕಾಟಕ್ಕೆ ರೋಸಿ ಇಲಾಖೆಯ ಮೇಲಿನ ಸಿಟ್ಟು. ವನ್ಯಜೀವಿ ಕಾಯ್ದೆಯ 30ನೇ ಕಲಂ ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದನ್ನು ನಿಷೇಧಿಸಿದೆ, ಅದು ಇರಬೇಕಾದದ್ದೇ. ಆದರೆ ಕೇಸಿನ ಭಯ ಒಂದೇ ಇದ್ದರೆ ಬೆಂಕಿ ನೋಡಿದವನೂ ಫೋನ್ ಮಾಡುವುದಿಲ್ಲ, ತನ್ನ ತಲೆಗೇ ಬಂದೀತು ಎಂದು ಹೆದರುತ್ತಾನೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಒಣಗಾಲದ ಮೊದಲಲ್ಲೇ ಹಚ್ಚುತ್ತಿದ್ದ ‘ತರಗು ಬೆಂಕಿ’ ನೆಲದ ತರಗನ್ನು ಮಾತ್ರ ಸುಟ್ಟು ಹೋಗುತ್ತಿತ್ತು, ಅದು ನಿಂತ ಮೇಲೆ ಲಂಟಾನ ಮಿತಿಮೀರಿತು ಎಂದು ಅವರೇ ಹೇಳುತ್ತಾರೆ. ನಮ್ಮ ಜೇನುಕುರುಬರು, ಬೆಟ್ಟಕುರುಬರು, ಯರವರನ್ನು ದಿನಗೂಲಿಗೆ ಕರೆಯುತ್ತೇವೆ, ಸಭೆಗೆ ಕರೆಯುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡು ಕಾಯುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿದೆ. ಹಾಡಿಯ (ಬುಡಕಟ್ಟಿನವರ ಊರಿನ) ಹಿರಿಯರಿಗೂ ದೇವರಕಾಡಿನ ಮುಖ್ಯಸ್ಥರಾದ ತಕ್ಕರಿಗೂ ಆ ಕೋಶದ ಮೇಜಿನ ಸುತ್ತ ಕುರ್ಚಿ ಇರಬೇಕು. ಇದನ್ನು ನಿರ್ಣಯದಲ್ಲಿ ಪ್ರತ್ಯೇಕ ವಾಕ್ಯವಾಗಿ ಬರೆಯಿರಿ, ಇಲ್ಲವಾದರೆ ‘ಇತರರು’ ಎಂಬ ಪದದೊಳಗೆ ಹೋಗಿಬಿಡುತ್ತಾರೆ.

ಕೋಶ ಬರುವವರೆಗೆ ಕಾಯಬೇಕಿಲ್ಲ. ನಿಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಪಂಪು, ಕೆರೆ, ಟ್ಯಾಂಕರ್, ಬ್ಲೋವರ್ ಇರುವ ತೋಟಗಳ ಪಟ್ಟಿಯನ್ನು ಡಿಸೆಂಬರ್ ಒಳಗೆ ಮಾಡಿ. ಮಾಲೀಕರ ನಂಬರ್ ಜೊತೆ ತೋಟ ನೋಡಿಕೊಳ್ಳುವ ರೈಟರ ನಂಬರೂ ಇರಲಿ, ಮಾಲೀಕರು ಅನೇಕ ಸಲ ಬೆಂಗಳೂರಿನಲ್ಲಿರುತ್ತಾರೆ. ಪ್ರತಿ ಗೇಟಿನ ಕೀಲಿ ಯಾರ ಬಳಿ ಎಂದು ಬರೆಯಿರಿ. ಅಂದು ಆ ವಾಹನ ನಿಂತದ್ದು ಬೀಗ ಹಾಕಿದ ಗೇಟಿನ ಮುಂದೆ.

ಇನ್ನು ಬಾಣೆಯ ಒಣಹುಲ್ಲು. ನೀವಾಗಿಯೇ ಸುಡಬೇಡಿ. ಕಡಿಯಿರಿ, ಗುಡಿಸಿ ಒಳಗೆ ಎಳೆದುಕೊಳ್ಳಿ, ಕಾಫಿ ಬುಡಕ್ಕೆ ಹೊದಿಕೆಯಾಗುತ್ತದೆ. ಕಾಡಿನ ಅಂಚಿನಲ್ಲಿ ಮಣ್ಣು ಕಾಣುವಷ್ಟು ಅಗಲ ಪಟ್ಟೆ ಬಿಟ್ಟರೆ ಸಾಕು. ಸುಡಲೇಬೇಕಾದ ಜಾಗವಿದ್ದರೆ ಜನವರಿಯೊಳಗೆ, ವಲಯ ಅರಣ್ಯಾಧಿಕಾರಿಗೆ ಲಿಖಿತವಾಗಿ ತಿಳಿಸಿ, ಅವರ ಜನ ಬಂದ ದಿನ, ಇಬ್ಬನಿ ಆರುವ ಮುಂಚೆ, ಏರಿನ ತುದಿಯಿಂದ ಕೆಳಕ್ಕೆ. ಕೆಳಗಿನಿಂದ ಹಚ್ಚಿದರೆ ಏನಾಗುತ್ತದೆಂದು ಮೇಲೆ ಬರೆದಿದ್ದೇನೆ. ಒಂಬತ್ತು ಗಂಟೆಗೆ ಗಾಳಿ ಏಳುತ್ತದೆ, ಅಷ್ಟರೊಳಗೆ ಮುಗಿಯದಿದ್ದರೆ ಉಳಿದದ್ದು ನಾಳೆಗೆ. ಕೊನೆಯ ಕೆಂಡದ ಮೇಲೆ ಅಂಗೈ ಹಿಡಿದು ಬಿಸಿ ಇಲ್ಲವೆಂದು ನೋಡಿಕೊಂಡ ಮೇಲಷ್ಟೇ ಮನೆಗೆ ಹೋಗಿ, ಮಧ್ಯಾಹ್ನ ಎರಡಕ್ಕೆ ಇನ್ನೊಮ್ಮೆ ಬಂದು ನೋಡಿ.